ಬೋರ್‌ವೆಲ್ ಪೈಪಿಗೆ ತಂತಿ ಕಟ್ಟಿ ಟಿಲ್ಲರ್ ಬಿಟ್ಟದ್ದು

ಒಂದು ಎಕರೆಗೆ ಟಿಲ್ಲರ್ ಎಂಬ ಎರಡು ಗಾಲಿಯ ಉಳುಮೆ ಯಂತ್ರ ಹೊಡೆಯುವವನು ಎಷ್ಟು ನಡೆಯುತ್ತಾನೆ ಎಂದು ಲೆಕ್ಕ ಹಾಕಿದವರು ಕಡಿಮೆ. ಅದರ ಹಿಂದೆ ಸುತ್ತುತ್ತ ಮಣ್ಣು ಕಡಿಯುವ ಬ್ಲೇಡುಗಳ ಜೋಡಣೆ, ಅಂದರೆ ರೋಟರಿಯ ಅಗಲ 60 ಸೆಂಟಿಮೀಟರ್. ಒಂದು ಸಾಲಿನ ಅಂಚಿನ ಮೇಲೆ ಮುಂದಿನ ಸಾಲು ಸ್ವಲ್ಪ ಹತ್ತಿ ಬರಬೇಕಾದ್ದರಿಂದ ನಿಜವಾಗಿ ದಕ್ಕುವುದು 50. ಎಕರೆಯ 4,047 ಚದರ ಮೀಟರನ್ನು ಅದರಿಂದ ಭಾಗಿಸಿದರೆ ಎಂಟು ಕಿಲೋಮೀಟರ್ ದಾಟುತ್ತದೆ, ಅದೂ ಒಂದೇ ಸಲದ ಹೂಟಿಗೆ. ಆದರೆ ನಡಿಗೆಯನ್ನು ನಾನು ದೊಡ್ಡ ಕಷ್ಟ ಎನ್ನುವುದಿಲ್ಲ. ಎತ್ತಿನ ನೇಗಿಲ ಹಿಂದೆ ಹಿರಿಯರು ಇದರ ಎರಡರಷ್ಟಕ್ಕೂ ಹೆಚ್ಚು ನಡೆದಿದ್ದಾರೆ. ಭುಜ ಬಿದ್ದುಹೋಗುವುದು ತಿರುವಿನಲ್ಲಿ. 32 ಮೀಟರ್ ಉದ್ದ, 16 ಮೀಟರ್ ಅಗಲದ ಐದು ಗುಂಟೆ ಗದ್ದೆಯಲ್ಲಿ 32 ಸಾಲು, 31 ತಿರುವು. ಅಂಥ ಎಂಟು ಗದ್ದೆ ಸೇರಿ ಒಂದು ಎಕರೆಯಾಗುವಷ್ಟರಲ್ಲಿ ತಿರುವುಗಳು 250ರ ಹತ್ತಿರ ಬರುತ್ತವೆ. ನಾಲ್ಕು ಕ್ವಿಂಟಲ್‌ಗೂ ಹೆಚ್ಚು ತೂಗುವ ಯಂತ್ರದ ಹಿಂಭಾಗವನ್ನು ಅಷ್ಟು ಸಲ ಎತ್ತಿ ಹೊರಳಿಸಬೇಕು.

ನಮ್ಮಲ್ಲಿರುವುದು ಬೆಂಗಳೂರಿನ ವಿಎಸ್‌ಟಿ ಕಂಪನಿಯ ಮಿತ್ಸುಬಿಷಿ ಶಕ್ತಿ, 13 ಅಶ್ವಶಕ್ತಿಯದು. ಜಪಾನಿನ ಸಹಯೋಗದಲ್ಲಿ 1967ರಲ್ಲಿ ಶುರುವಾದ ಈ ಕಂಪನಿಯ ಟಿಲ್ಲರ್ ಮಲೆನಾಡಿನ ಬಹಳಷ್ಟು ಕೊಟ್ಟಿಗೆಗಳಲ್ಲಿ ಎತ್ತಿನ ಜಾಗ ಹಿಡಿದುಕೊಂಡಿದೆ. ಮಲಗಿಸಿಟ್ಟ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್, ಅದರಿಂದ ಗೇರ್‌ಬಾಕ್ಸಿಗೆ ಬೆಲ್ಟು, ಕೆಳಗೆ ಎರಡೇ ಗಾಲಿ. ತೋಟದ ಕಳೆ ತೆಗೆಯಲು ಈಗ ಬರುತ್ತಿರುವ ಸಣ್ಣ ಪೆಟ್ರೋಲ್ ಯಂತ್ರಗಳ ಪಕ್ಕದಲ್ಲಿ ನಿಲ್ಲಿಸಿದರೆ ಇದು ದೈತ್ಯ. ಒಬ್ಬ ಮನುಷ್ಯ ಹಿಂದೆ ನಡೆದು ಅಂಕೆಯಲ್ಲಿ ಇಟ್ಟುಕೊಳ್ಳಬಹುದಾದ ಗಾತ್ರದ ಕೊನೆಯ ಗೆರೆ ಇದೇ ಇರಬೇಕು.

ಇದರ ಗುಣ ತಿಳಿಯಬೇಕಾದರೆ ಸೈಡ್ ಕ್ಲಚ್ಚನ್ನು ಅರ್ಥ ಮಾಡಿಕೊಳ್ಳಬೇಕು. ತಿರುವಿನಲ್ಲಿ ಎರಡು ಗಾಲಿಯನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ, ದೊಡ್ಡ ಟ್ರಾಕ್ಟರಿನಲ್ಲಿ ಇರುವ ಡಿಫರೆನ್ಷಿಯಲ್ ಇದರಲ್ಲಿ ಇಲ್ಲ. ಎರಡೂ ಗಾಲಿ ಒಂದೇ ವೇಗದಲ್ಲಿ ಸುತ್ತುತ್ತವೆ, ಆದ್ದರಿಂದ ಯಂತ್ರಕ್ಕೆ ನೇರ ಹೋಗುವ ಹಟ. ಎಡ ಹಿಡಿಕೆಯ ಕೆಳಗಿನ ಲಿವರ್ ಒತ್ತಿದರೆ ಎಡಗಾಲಿಗೆ ಎಂಜಿನ್ನಿನ ಸಂಬಂಧ ಕಡಿಯುತ್ತದೆ. ಬಲಗಾಲಿ ಮಾತ್ರ ಎಳೆಯುವುದರಿಂದ ಯಂತ್ರ ಎಡಕ್ಕೆ ತಿರುಗುತ್ತದೆ. ಸಮತಟ್ಟಿನಲ್ಲಿ ಹೀಗೆ. ಇಳಿಜಾರಿನಲ್ಲಿ ಕೆಳಮುಖವಾಗಿ ಹೋಗುವಾಗ ಎಲ್ಲವೂ ತಲೆಕೆಳಗು. ಅಲ್ಲಿ ಎಂಜಿನ್ ಎಳೆಯುತ್ತಿಲ್ಲ, ಗಾಲಿಗಳನ್ನು ತಡೆದು ಹಿಡಿದಿದೆ. ಎಡ ಲಿವರ್ ಒತ್ತಿದರೆ ತಡೆ ತಪ್ಪಿದ ಎಡಗಾಲಿ ಮುಂದಕ್ಕೆ ಓಡಿ ಯಂತ್ರ ಬಲಕ್ಕೆ ಹೊರಳುತ್ತದೆ. ಹೊಸದಾಗಿ ಕಲಿಯುವವರಿಗೆ ಮೊದಲು ಹೇಳಬೇಕಾದ ಪಾಠ ಇದು. ಎರಡನೆಯದು, ಬೆನ್ನ ಹಿಂದೆ ಮರವೋ ಗೋಡೆಯೋ ಇದ್ದಾಗ ರಿವರ್ಸ್ ಗೇರ್ ಹಾಕಬಾರದು ಎಂಬುದು.

ನೇರ ಹೋಗುವ ಈ ಹಟವೇ ನನ್ನ ತಲೆಯಲ್ಲಿ ಹುಳ ಬಿಟ್ಟದ್ದು. ರೋಟರಿ ಬಿಚ್ಚಿ ನೇಗಿಲು ಕಟ್ಟಿಕೊಂಡು ಹೂಡುವಾಗ ಬಲಗಾಲಿಯನ್ನು ಹಿಂದಿನ ಸಾಲಿನೊಳಗೆ ಇಳಿಸಿದರೆ ಅದು ಸಾಲಿನ ಗೋಡೆಗೆ ಒರಗಿಕೊಂಡು ತಾನಾಗಿ ಹೋಗುತ್ತದೆ. ಹಿಡಿಕೆಯ ಮೇಲೆ ಎರಡು ಬೆರಳು ಇಟ್ಟಿದ್ದರೆ ಸಾಕು. ಹಾಗಿದ್ದರೆ ಮನುಷ್ಯನ ಕೆಲಸ ಸಾಲಿನ ಕೊನೆಯಲ್ಲಿ ಮಾತ್ರವಲ್ಲವೇ?

ನೂರು ವರ್ಷದ ಹಿಂದಿನವರೂ ಇದನ್ನು ಕಂಡುಕೊಂಡಿದ್ದರು. ಮಿನಿಯಾಪೊಲಿಸ್‌ನಲ್ಲಿ ತಯಾರಾಗುತ್ತಿದ್ದ ಬಿಗ್ ಫೋರ್ ಎಂಬ ಭಾರಿ ಟ್ರಾಕ್ಟರಿಗೆ ಎಂಟು ಅಡಿ ಎತ್ತರದ ಹಿಂಗಾಲಿಗಳು. ಅದರ ಮೂತಿಗೆ ಒಂದು ಉದ್ದನೆಯ ತೋಳು ಜೋಡಿಸಿ, ತುದಿಯಲ್ಲಿ ಪುಟ್ಟ ಗಾಲಿ ಇಟ್ಟಿದ್ದರು. ಆ ಗಾಲಿ ಹಿಂದಿನ ಸಾಲಿನೊಳಗೆ ಉರುಳುತ್ತ ಮುಂದಿನ ಗಾಲಿಗಳನ್ನು ಅತ್ತಿತ್ತ ತಿರುಗಿಸುತ್ತಿತ್ತು. ಚಾಲಕ ಸಾಲು ಮುಗಿಯುವವರೆಗೆ ಸ್ಟಿಯರಿಂಗ್ ಚಕ್ರ ಮುಟ್ಟಬೇಕಾಗಿರಲಿಲ್ಲ. ಅಮೆರಿಕದ ಬಯಲಿನಲ್ಲಿ ಸಾಲು ಮುಗಿಯುವುದೇ ಅರ್ಧ ಮೈಲಿ ಆಚೆ, ಹಾಗಾಗಿ ಅಲ್ಲಿ ಇದು ಉಪಯೋಗಕ್ಕೆ ಬಂತು. 32 ಮೀಟರಿಗೊಮ್ಮೆ ಬದು ಸಿಗುವ ನಮ್ಮಲ್ಲಿ ಅದನ್ನು ಕಟ್ಟಿ ಬಿಚ್ಚುವುದರಲ್ಲೇ ಮಧ್ಯಾಹ್ನವಾಗುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಇಲಿನಾಯ್‌ನ ಮೊಲೀನ್ ಕಂಪನಿಯ ಯೂನಿವರ್ಸಲ್. ಅದರ ವಿನ್ಯಾಸವನ್ನು ಆ ಕಂಪನಿ 1915ರಲ್ಲಿ ಒಹಾಯೊದವರಿಂದ ಕೊಂಡದ್ದು. ಟಿಲ್ಲರಿನ ಹಾಗೆ ಎರಡೇ ಗಾಲಿ, ಆದರೆ ತೂಕ ಒಂದೂವರೆ ಟನ್ನಿನಷ್ಟು. 1918ರ ಹೊತ್ತಿಗೆ ನಾಲ್ಕು ಸಿಲಿಂಡರಿನ ಎಂಜಿನ್, ಕರೆಂಟಿನ ಸ್ಟಾರ್ಟರ್, ದೀಪ ಎಲ್ಲವೂ ಬಂದಿದ್ದವು. ಮೇಲ್ಭಾಗ ಭಾರವಾಗಿ ಮಗುಚುವ ಭಯವಿದ್ದುದರಿಂದ ಗಾಲಿಗಳೊಳಗೆ ಕಾಂಕ್ರೀಟು ತುಂಬಿದ್ದರು. ಟ್ರಾಕ್ಟರಿನ ಮೇಲೆ ಕೂರಲು ಜಾಗವಿಲ್ಲ. ಹಿಂದೆ ಕಟ್ಟಿದ ನೇಗಿಲಿನ ಮೇಲೆ ಕುಳಿತು ಓಡಿಸಬೇಕು. ನಮ್ಮ ಟಿಲ್ಲರಿನ ರೋಟರಿಗೆ ಸೀಟು ಜೋಡಿಸಿಕೊಂಡು ಕೂರುತ್ತೇವಲ್ಲ, ಅದೇ ಉಪಾಯ. ಫೋರ್ಡ್‌ಸನ್ ಟ್ರಾಕ್ಟರ್ ಅಗ್ಗದ ಬೆಲೆಗೆ ಮಾರುಕಟ್ಟೆಗೆ ನುಗ್ಗಿದ ಮೇಲೆ ಅದು ಉಳಿಯಲಿಲ್ಲ.

ತಿರುವಿಗೆ ನೇರವಾಗಿ ಕೈ ಹಾಕಿದವನು ಇಂಗ್ಲೆಂಡಿನ ಜಾನ್ ಫೌಲರ್. ಹೊಲದ ಅಂಚಿನಲ್ಲಿ ಉಗಿ ಎಂಜಿನ್ ನಿಲ್ಲಿಸಿ, ತಂತಿ ಹಗ್ಗದಿಂದ ನೇಗಿಲನ್ನು ಎಳೆಸಿ, 1858ರಲ್ಲಿ ಅಲ್ಲಿನ ರಾಯಲ್ ಕೃಷಿ ಸಂಘದ 500 ಪೌಂಡ್ ಬಹುಮಾನ ಗೆದ್ದ. ಅವನ ನೇಗಿಲಿಗೆ ಎರಡು ಮುಖ. ಒಂದು ಕಡೆಯದು ನೆಲದಲ್ಲಿದ್ದಾಗ ಇನ್ನೊಂದು ಕಡೆಯದು ಗಾಳಿಯಲ್ಲಿ. ಸಾಲು ಮುಗಿದೊಡನೆ ಆ ಕಡೆಯದನ್ನು ಕೆಳಗೆ ಬಗ್ಗಿಸಿ ವಾಪಸು ಎಳೆಯುವುದು. ತಿರುಗಿಸುವ ಮಾತೇ ಇಲ್ಲ. ಇಷ್ಟು ಜಾಣತನದ ಪರಿಹಾರ ಆಮೇಲೆ ಬಂದ ಪೆಟ್ರೋಲ್ ಯಂತ್ರಗಳಲ್ಲೂ ಕಾಣುವುದಿಲ್ಲ ಎಂದು ನನ್ನ ಅಭಿಪ್ರಾಯ.

ಮೂರನೆಯ ದಾರಿ ಎಂದರೆ ಸುರುಳಿ. ಹೊಲದ ನಡುವೆ ಒಂದು ದಿಂಡು ನೆಟ್ಟು, ಅದಕ್ಕೆ ಕಟ್ಟಿದ ತಂತಿಯ ಇನ್ನೊಂದು ತುದಿಯನ್ನು ಟ್ರಾಕ್ಟರಿಗೆ ಸಿಕ್ಕಿಸಿ ಬಿಟ್ಟುಬಿಡುವುದು. ಯಂತ್ರ ಸುತ್ತಿದಂತೆ ತಂತಿ ದಿಂಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ, ಪ್ರತಿ ಸುತ್ತಿಗೂ ದಿಂಡಿನ ಸುತ್ತಳತೆಯಷ್ಟೇ ಗಿಡ್ಡವಾಗುತ್ತದೆ. ಅಂದರೆ ದಿಂಡಿನ ಸುತ್ತಳತೆ ಎಷ್ಟೋ ಸಾಲಿನ ಅಗಲ ಅಷ್ಟು. ಅಮೆರಿಕದ ಕೆಲವು ರೈತರು ಇದನ್ನು ಮಾಡಿ ತೋರಿಸಿದ್ದರು. ಇದನ್ನು ಮಾಡದೆ ಬಿಡಬಾರದು ಎನ್ನಿಸಿತು, ಏಕೆಂದರೆ ನನಗೆ ಬೇಕಾದ ಅಳತೆಯ ದಿಂಡು ಹಿತ್ತಲಲ್ಲೇ ಬಿದ್ದಿತ್ತು: ಬೋರ್‌ವೆಲ್ ಕೊರೆಸಿದಾಗ ಉಳಿದ ಕಬ್ಬಿಣದ ಕೇಸಿಂಗ್ ಪೈಪಿನ ತುಂಡು. ಹೊರ ವ್ಯಾಸ 168 ಮಿಲಿಮೀಟರ್. 4 ಮಿಲಿಮೀಟರ್ ದಪ್ಪದ ತಂತಿ ಹಗ್ಗ ಸುತ್ತಿಕೊಂಡಾಗ ಸುತ್ತಿಗೆ ಸುಮಾರು 54 ಸೆಂಟಿಮೀಟರ್ ಗಿಡ್ಡವಾಗುತ್ತದೆ. 60 ಸೆಂಟಿಮೀಟರಿನ ರೋಟರಿಗೆ ಇದಕ್ಕಿಂತ ಒಳ್ಳೆಯ ಅಳತೆಯನ್ನು ಕೇಳಿ ಮಾಡಿಸಿದರೂ ಸಿಗುತ್ತಿರಲಿಲ್ಲ.

ಮೆಕ್ಕೆಜೋಳ ತೆಗೆದ ಹಕ್ಕಲಿನಲ್ಲಿ ಸಮತಟ್ಟಾದ ಭಾಗ ನೋಡಿ ಪೈಪನ್ನು ನಾಲ್ಕು ಅಡಿ ಆಳಕ್ಕೆ ಹೂತು, ಸುತ್ತ ಕಲ್ಲು ಹಾಕಿ ಗಟ್ಟಿಸಿದೆ. ಭರಣಿ ಮಳೆ ನೆಲಕ್ಕೆ ಹದ ಕೊಡುವವರೆಗೂ ಕಾದೆ. ನೆಲ ಗಟ್ಟಿಯಿದ್ದರೆ ರೋಟರಿ ಮಣ್ಣನ್ನು ಕಡಿಯುವ ಬದಲು ಅದರ ಮೇಲೆ ಓಡಲು ನೋಡುತ್ತದೆ. ಬ್ಲೇಡುಗಳು ಗಾಲಿಯ ದಿಕ್ಕಿನಲ್ಲೇ ಸುತ್ತುವುದರಿಂದ ಯಂತ್ರ ಮುಂದಕ್ಕೆ ಜಿಗಿಯುತ್ತದೆ. ಕೈಯಲ್ಲಿ ಹಿಡಿದಿದ್ದಾಗಲೇ ಅದು ಭಯದ ವಿಷಯ.

ತಂತಿಯ ಒಂದು ತುದಿಗೆ ಪೈಪಿನ ಬುಡದಲ್ಲಿ ತೂತು ಕೊರೆದು, ತಂತಿ ಹಗ್ಗ ಬಿಗಿಯುವ ಮೂರು ಬುಲ್‌ಡಾಗ್ ಕ್ಲಿಪ್ ಹಾಕಿದೆ. ಇನ್ನೊಂದು ತುದಿ ಟಿಲ್ಲರಿನ ಮೂತಿಯ ಎಡಬದಿಗೆ. ಮೂತಿಗೇ ಏಕೆಂದರೆ ಗಾಲಿಗಿಂತ ಹಿಂದೆ ಕಟ್ಟಿದರೆ ತಂತಿ ಹಿಂಭಾಗವನ್ನು ಒಳಕ್ಕೆ ಎಳೆದು ಮೂತಿಯನ್ನು ಹೊರಕ್ಕೆ ತಿರುಗಿಸುತ್ತದೆ. ಟಿಲ್ಲರ್ ಕಡೆಯ ಗಂಟು ಪೈಪಿನ ಕಡೆಯದಕ್ಕಿಂತ ಸ್ವಲ್ಪ ಎತ್ತರದಲ್ಲಿ ಇರಬೇಕು. ಆಗ ಪ್ರತಿ ಸುತ್ತೂ ಹಿಂದಿನದರ ಮೇಲ್ಗಡೆ, ಅದಕ್ಕೆ ತಾಗಿಕೊಂಡು ಕೂರುತ್ತದೆ. ಒಂದರ ಮೇಲೊಂದು ಏರಿ ಕುಳಿತರೆ ದಿಂಡು ದಪ್ಪವಾಗಿ ಸಾಲಿನ ಅಗಲ ಹೆಚ್ಚುತ್ತದೆ, ನಡುವೆ ಉಳದ ಪಟ್ಟೆ ಬಿಡುತ್ತದೆ. ಇಷ್ಟು ಮಾಡಿದರೂ ತಂತಿ ಆಗಾಗ ಸಡಿಲವಾಗುತ್ತಿತ್ತು. ಅದಕ್ಕೆ ಮದ್ದು ಗಾಳಿಯಲ್ಲಿತ್ತು. ಬಲಗಡೆಯ ಟಯರಿನ ಗಾಳಿಯನ್ನು ತುಸು ಇಳಿಸಿದೆ. ಆ ಗಾಲಿಯ ಸುತ್ತು ಚಿಕ್ಕದಾಗಿ ಯಂತ್ರ ಸದಾ ಹೊರಗಡೆಗೆ, ಬಲಕ್ಕೆ ವಾಲಲು ನೋಡುತ್ತದೆ. ತಂತಿ ಬಿಗಿಯಾಗಿ ನಿಲ್ಲುತ್ತದೆ.

ಮೇನ್ ಕ್ಲಚ್ಚಿನ ಲಿವರಿಗೆ ಬೇರೆ ಒಂದು ಹಗ್ಗ ಕಟ್ಟಿ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೆ. ಲಿವರನ್ನು ಹಿಂದಕ್ಕೆ ಎಳೆದರೆ ಕ್ಲಚ್ ಬಿಟ್ಟು ಬ್ರೇಕ್ ಹಿಡಿಯುತ್ತದೆ. ಇದಿಲ್ಲದೆ ಯಾರೂ ಈ ಆಟಕ್ಕೆ ಇಳಿಯಬಾರದು. ತಂತಿಯ ಸುತ್ತಿನೊಳಗೆ ಮಕ್ಕಳು, ನಾಯಿ, ಯಾರೂ ಇರಕೂಡದು. ಬಿಗಿದ ತಂತಿ ಕಡಿದರೆ ಬೀಸಿ ಹೊಡೆಯುತ್ತದೆ.

ಎರಡನೇ ಗೇರಿಗೆ ಹಾಕಿ ಬಿಟ್ಟಾಗ ಅದು ಹೋಯಿತು. ಹಿಡಿಕೆ ಖಾಲಿ. ಕೂಳೆಯ ಮೇಲೆ ತಂತಿ ಸರಸರ ಸವರಿಕೊಂಡು ಹೋಗುವ ಸದ್ದು, ಹಿಂದೆ ಕಪ್ಪಗೆ ಬಿರಿದು ಬೀಳುವ ಮಣ್ಣು. ಎರಡನೇ ಸುತ್ತು ಮೊದಲನೆಯದಕ್ಕೆ ನಾಲ್ಕು ಬೆರಳು ಹತ್ತಿಕೊಂಡು ಬಂತು. ನಾನು ಕೈಯಿಂದ ಹೊಡೆದ ಯಾವ ಸಾಲೂ ಅಷ್ಟು ಸಮವಾಗಿ ಬಂದಿಲ್ಲ. ಬದುವಿನ ಮೇಲೆ ಬಂದು ನಿಂತ ಚಿಕ್ಕಪ್ಪ ಸ್ವಲ್ಪ ಹೊತ್ತು ನೋಡಿ, “ಏನು ತಮ್ಮಾ, ಗಾಣ ಹೂಡಿದ್ದೀಯಾ? ಎಣ್ಣೆ ಯಾವಾಗ ಬರುತ್ತದೆ?” ಎಂದರು. “ಎಣ್ಣೆ ಬರುವುದಿಲ್ಲ ಚಿಕ್ಕಪ್ಪ, ನಾವೇ ಹಾಕಬೇಕು” ಎಂದೆ. ಅವರ ಮಾತಿನಲ್ಲಿ ಸತ್ಯವೂ ಇತ್ತು. ಗಾಣದ ಎತ್ತಿನ ಹಾಗೆ ಯಂತ್ರ ತಾನೇ ಸುತ್ತುತ್ತಿದ್ದರೂ ಕ್ಲಚ್ ಹಗ್ಗ ಹಿಡಿದು ನಾನೂ ಅದರ ಹಿಂದೆ ಅಷ್ಟೇ ದೂರ ನಡೆಯುತ್ತಿದ್ದೆ. ತಪ್ಪಿದ್ದು ತಿರುವಿನ ಕಷ್ಟ ಒಂದೇ. ನನಗೆ ಬೇಕಾಗಿದ್ದದ್ದೂ ಅದೇ.

ಇನ್ನು ಲೆಕ್ಕ. 15 ಮೀಟರ್ ತಂತಿ ಸುತ್ತುವ ವೃತ್ತ ಸುಮಾರು ಏಳು ಗುಂಟೆ. ಆ ವೃತ್ತ ಕೂರುವ ಚೌಕ ಸುಮಾರು ಒಂಬತ್ತು ಗುಂಟೆ. ನಾಲ್ಕು ಮೂಲೆಗಳಲ್ಲಿ ಎರಡು ಗುಂಟೆಯ ಹತ್ತಿರ ಹಾಗೇ ಉಳಿಯುತ್ತದೆ, ಯಾವ ಚೌಕ ಹೊಲದಲ್ಲಾದರೂ ನೂರಕ್ಕೆ ಇಪ್ಪತ್ತೊಂದರಷ್ಟು. ಆ ಮೂಲೆಗಳನ್ನು ಕೈಯಿಂದಲೇ ಹೊಡೆಯಬೇಕು, ಮತ್ತು ಮೂಲೆ ಎಂದರೆ ಬರೀ ತಿರುವು. ನಡುವೆಯೂ ಹಾಗೆ: ದಿಂಡಿನಿಂದ ನಾಲ್ಕೈದು ಮೀಟರ್ ಒಳಗೆ ಬಂದ ಮೇಲೆ ಒಂದೇ ವೇಗದಲ್ಲಿ ಸುತ್ತುವ ಎರಡು ಗಾಲಿಗೆ ಅಷ್ಟು ಚಿಕ್ಕ ವೃತ್ತ ಒಗ್ಗುವುದಿಲ್ಲ. ಒಳಗಾಲಿ ನೆಲ ಕೆರೆಯುತ್ತದೆ, ತಂತಿ ತಂಬೂರಿಯ ತಂತಿಯಷ್ಟು ಬಿಗಿಯುತ್ತದೆ, ಪೈಪು ಅಲುಗಲು ಶುರುವಾಗುತ್ತದೆ. ಅಲ್ಲಿಗೆ ನಿಲ್ಲಿಸಿ ತಂತಿ ಬಿಚ್ಚುವುದೇ ಕ್ಷೇಮ. ಹಕ್ಕಲಿನ ಇನ್ನೊಂದು ತುದಿ ತುಸು ಇಳಿಜಾರು. ಅಲ್ಲಿ ಟಿಲ್ಲರ್ ದಿಂಡಿನ ಮೇಲ್ಗಡೆ ಬಂದಾಗ ಕೆಳಕ್ಕೆ ಜಾರಿ ತಂತಿ ಸಡಿಲವಾಗುತ್ತದೆ, ಕೆಳಗಡೆ ಹೋದಾಗ ಮತ್ತೆ ಬಿಗಿಯುತ್ತದೆ. ಸುರುಳಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕೆಸರು ಗದ್ದೆಯ ಮಾತು ಬಿಡಿ, ಅಲ್ಲಿ ದಿಂಡು ನಿಲ್ಲುವುದೇ ಇಲ್ಲ.

ಹಾಗಾಗಿ ತಂತಿಯ ಉಪಾಯವನ್ನು ಹಕ್ಕಲಿನ ಆ ಒಂದು ತುಂಡಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಗದ್ದೆಯಲ್ಲಿ ಬೇರೆ ಕ್ರಮ ಹಿಡಿದಿದ್ದೇನೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಪಕ್ಕದ ಸಾಲಿಗೆ ತಕ್ಷಣ ತಿರುಗದೆ ಮೂರು ಸಾಲು ಬಿಟ್ಟು ನಾಲ್ಕನೆಯದಕ್ಕೆ ಹೋಗುತ್ತೇನೆ, ಬಿಟ್ಟದ್ದನ್ನು ಹಿಂತಿರುಗಿ ಬರುವಾಗ ತುಂಬುತ್ತೇನೆ. ತಿರುವುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಆದರೆ ತಿರುವು ಎರಡು ಮೀಟರ್ ಅಗಲವಾಗುವುದರಿಂದ ಸೈಡ್ ಕ್ಲಚ್ ಒತ್ತಿದರೆ ಗಾಲಿಯೇ ತಿರುಗಿಸಿಕೊಳ್ಳುತ್ತದೆ, ಹಿಂಭಾಗ ಎತ್ತಬೇಕಿಲ್ಲ. ಬದುವೂ ಕಬ್ಬಿಣದ ಗಾಲಿಗೆ ಸಿಕ್ಕಿ ಕುಸಿಯುವುದಿಲ್ಲ. ಕೊನೆಗೆ ಎರಡೂ ತುದಿಯಲ್ಲಿ ಅಡ್ಡಡ್ಡ ಒಂದೆರಡು ಸಾಲು ಹೊಡೆದರೆ ತಿರುವಿನ ಗುರುತು ಅಳಿಸುತ್ತದೆ.

ತಂತಿ ಕಟ್ಟಿ ನೋಡಬೇಕೆನ್ನುವವರಿಗೆ ಇನ್ನೊಂದು ಮಾತು: ಕೆಲಸ ಮುಗಿಸಿ ಟಿಲ್ಲರನ್ನು ರಸ್ತೆಗೆ ತರುವ ಮೊದಲು ಬಲಗಾಲಿಗೆ ಇಳಿಸಿದ ಗಾಳಿಯನ್ನು ಮತ್ತೆ ತುಂಬಿಕೊಳ್ಳಿ. ಸೈಕಲ್ ಪಂಪು ಸಾಕಾಗುವುದಿಲ್ಲ, ಕಾಲಿನಿಂದ ಒತ್ತುವ ಪಂಪನ್ನು ಹೊಲಕ್ಕೇ ಒಯ್ದಿರಬೇಕು.