ಒಂದೇ ಮರುವಾಯಿ, ನಾಲ್ಕು ಹೆಸರು

ಮಂಗಳೂರು, ಉಡುಪಿ ಕಡೆಯಿಂದ ಅಮೆರಿಕದ ಪೂರ್ವ ಕರಾವಳಿಗೆ ಬಂದು ನೆಲೆಸಿದವರು ಮೀನಿನಂಗಡಿಯಲ್ಲಿ ಲಿಟಲ್‌ನೆಕ್, ಟಾಪ್‌ನೆಕ್, ಚೆರಿಸ್ಟೋನ್, ಚೌಡರ್ ಎಂಬ ಚೀಟಿಗಳನ್ನು ಕಂಡು ಇವು ನಾಲ್ಕು ಜಾತಿಯ ಮರುವಾಯಿಗಳೆಂದು (ಎರಡು ಚಿಪ್ಪಿನ ನಡುವೆ ಇರುವ ಚಿಪ್ಪುಮೀನುಗಳೆಂದು) ತಿಳಿಯುವುದುಂಟು. ನಾಲ್ಕೂ ಕೋಹಾಗ್ ಎಂಬ ಒಂದೇ ಗಟ್ಟಿಚಿಪ್ಪಿನ ಮರುವಾಯಿಯ ಹೆಸರುಗಳೇ. ಸಣ್ಣದರಿಂದ ದೊಡ್ಡದಕ್ಕೆ ಇದೇ ಕ್ರಮದಲ್ಲಿ ಗಾತ್ರ ಏರುತ್ತದೆ. ಲಿಟಲ್‌ನೆಕ್ ಲಾಂಗ್ ಐಲೆಂಡಿನ ಒಂದು ಕೊಲ್ಲಿಯ ಹೆಸರು, ಚೆರಿಸ್ಟೋನ್ ವರ್ಜೀನಿಯಾದ ಒಂದು ತೊರೆಯ ಹೆಸರು. ಚೆರಿ ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ.

ಬಂದ ಹೊಸದರಲ್ಲಿ ನಾನು ದೊಡ್ಡದರಲ್ಲಿ ಮಾಂಸ ಹೆಚ್ಚೆಂದು ಚೌಡರ್ ಗಾತ್ರದವನ್ನೇ ತಂದು ಸುಕ್ಕ (ತೆಂಗಿನಕಾಯಿ ಮಸಾಲೆಯ ಒಣ ಪಲ್ಯ) ಮಾಡಿದೆ. ಬೇಯಿಸಿದಷ್ಟೂ ಅವು ರಬ್ಬರಿನಂತಾದವು, ಮಕ್ಕಳು ಮಸಾಲೆಯನ್ನಷ್ಟೇ ಬಳಿದು ತಿಂದರು. ಸುಕ್ಕಕ್ಕೆ ಸುಮಾರು 2 ಇಂಚು ಅಗಲದ ಲಿಟಲ್‌ನೆಕ್ಕೇ ಸರಿ. ಇವುಗಳ ಚಿಪ್ಪು ನಮ್ಮೂರಿನದಕ್ಕಿಂತ ಬಹಳ ದಪ್ಪ, ಮೆಟ್ಟುಕತ್ತಿಗೆ ಬಗ್ಗುವುದಿಲ್ಲ. ಆದ್ದರಿಂದ ಅಗಲವಾದ ಪಾತ್ರೆಯಲ್ಲಿ ಅರ್ಧ ಲೋಟ ನೀರಿಟ್ಟು ಮುಚ್ಚಿ ಬೇಯಿಸಿ, ಬಾಯಿ ಬಿಟ್ಟದ್ದನ್ನು ಬಿಟ್ಟ ಹಾಗೆಯೇ ಒಂದೊಂದಾಗಿ ಇಕ್ಕಳದಿಂದ ತೆಗೆಯಬೇಕು. ಎಲ್ಲವೂ ತೆರೆಯಲಿ ಎಂದು ಕಾದರೆ ಮೊದಲು ತೆರೆದದ್ದು ಗಟ್ಟಿಯಾಗುತ್ತದೆ. ಖಾಲಿ ಚಿಪ್ಪನ್ನು ಮುರಿದು ಬಿಸಾಡಿ, ಮಾಂಸ ಅಂಟಿರುವ ಚಿಪ್ಪನ್ನು ಹುರಿದ ತೆಂಗಿನಕಾಯಿ ಮಸಾಲೆಯಲ್ಲಿ ಎರಡೇ ನಿಮಿಷ ಹೊರಳಿಸಿದರೆ ಸಾಕು. ಕೊನೆಯವರೆಗೂ ತೆರೆಯದೆ ಉಳಿದದ್ದನ್ನು ಕೆದಕಿ ತೆರೆಯದೆ ಎಸೆದುಬಿಡಿ.

ಟಾಪ್‌ನೆಕ್ ಸಿಕ್ಕಿದರೆ ಅದೂ ಸುಕ್ಕಕ್ಕೆ ಆಗುತ್ತದೆ. ಪೌಂಡಿಗೆ ಮೂರು ನಾಲ್ಕು ತೂಗುವ ಚೆರಿಸ್ಟೋನನ್ನು ಇಲ್ಲಿಯವರು ಹಸಿಯಾಗಿಯೂ ತಿನ್ನುತ್ತಾರೆ. ವಯಸ್ಸಾದವರು, ಬಸುರಿಯರು, ಯಕೃತ್ತಿನ ತೊಂದರೆಯಿರುವವರು ಆ ಸಾಹಸಕ್ಕೆ ಹೋಗಬಾರದು. ಚೌಡರ್ ಗಾತ್ರದ್ದನ್ನು ಸಣ್ಣಗೆ ಕೊಚ್ಚಿಯೇ ಬಳಸಬೇಕು. ರೋಡ್ ಐಲೆಂಡಿನವರು ಅದನ್ನು ಬ್ರೆಡ್ಡಿನೊಂದಿಗೆ ಕಲಸಿ ಅದೇ ಚಿಪ್ಪಿನಲ್ಲಿ ತುಂಬಿ ಬೇಯಿಸುತ್ತಾರೆ. ನಾನು ಆ ಕಲಸಿದ್ದಕ್ಕೆ ಹಸಿಮೆಣಸು, ಶುಂಠಿ, ಕರಿಬೇವು ಸೇರಿಸುತ್ತೇನೆ, ಅಳಿಯ ನಾಲ್ಕಕ್ಕೆ ನಿಲ್ಲಿಸುವುದಿಲ್ಲ.

ಚಿಪ್ಪೇ ಭಾರವಾದ್ದರಿಂದ ತೂಕಕ್ಕಿಂತ ಎಣಿಕೆ ನೋಡಿ ಕೊಳ್ಳುವುದು ಲೇಸು. ಬಾಯಿ ಸ್ವಲ್ಪ ತೆರೆದಿದ್ದರೆ ಬೆರಳಿನಿಂದ ತಟ್ಟಿ ನೋಡಿ; ಜೀವವಿರುವುದು ಮುಚ್ಚಿಕೊಳ್ಳುತ್ತದೆ, ಮುಚ್ಚದಿದ್ದರೆ ಬೇಡ. ಮನೆಗೆ ತಂದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ, ಸಿಹಿನೀರಿನಲ್ಲಿ ನೆನೆಹಾಕದೆ, ಬಟ್ಟಲಿಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮರಳಿನ ಅನುಮಾನವಿದ್ದರೆ ಲೀಟರ್ ನೀರಿಗೆ ಸುಮಾರು 35 ಗ್ರಾಂ ಉಪ್ಪು ಕರಗಿಸಿ ಒಂದು ಗಂಟೆ ಬಿಡಿ. ಬೇಯಿಸಿದ ನೀರನ್ನು ಚೆಲ್ಲದೆ ಬಟ್ಟೆಯಲ್ಲಿ ಸೋಸಿ ಮಸಾಲೆಗೆ ಹಾಕಬಹುದು. ಅದರಲ್ಲಿ ಸಮುದ್ರದ ಉಪ್ಪು ಇರುವುದರಿಂದ, ರುಚಿ ನೋಡುವ ತನಕ ಉಪ್ಪಿನ ಭರಣಿಯ ಮುಚ್ಚಳ ತೆಗೆಯಬೇಡಿ.