ಹೊಳೆ ಬಯಲಿನ ಮನೆಗೆ ಪರ್ಮಿಟ್: ಅರ್ಜಿಯನ್ನು ಅಳೆಯುವುದು ಹೇಗೆ?

ಅಮೆರಿಕದ ಸಣ್ಣ ಊರುಗಳಲ್ಲಿ ಝೋನಿಂಗ್ ಅಧಿಕಾರಿ ಎಂದರೆ ಬೇಲಿ ಎಷ್ಟು ಎತ್ತರವಿರಬೇಕು, ಅಂಗಡಿ ಬೋರ್ಡು ಎಲ್ಲಿ ನಿಲ್ಲಬೇಕು ಎಂದು ಹೇಳುವವರು. ಊರಲ್ಲಿ ನದಿಯೊಂದು ಹರಿಯುತ್ತಿದ್ದರೆ ಎಷ್ಟೋ ಕಡೆ ಅದೇ ಹೆಗಲಿಗೆ ಇನ್ನೊಂದು ಹೊರೆ ಬೀಳುತ್ತದೆ: ನೆರೆ ಏರುವ ಬಯಲಿನಲ್ಲಿ ಯಾರು, ಏನನ್ನು, ಎಷ್ಟು ಎತ್ತರದಲ್ಲಿ ಕಟ್ಟಬಹುದು ಎಂದು ನೋಡುವುದು. ಇದರ ಬೇರು 1968ರ ರಾಷ್ಟ್ರೀಯ ನೆರೆ ವಿಮೆ ಕಾಯ್ದೆಯಲ್ಲಿದೆ. ಊರಿನ ಆಡಳಿತ ಕಟ್ಟಡ ನಿಯಮ ಮಾಡಿ ಜಾರಿಗೆ ತರಬೇಕು. ತಂದರೆ ಅಲ್ಲಿಯ ಜನಕ್ಕೆ ಕೇಂದ್ರದ ನೆರೆ ವಿಮೆ ಸಿಗುತ್ತದೆ. ಕೊಡುಕೊಳ್ಳುವಿಕೆ ಇಷ್ಟೇ.

ಆ ಕುರ್ಚಿಯಲ್ಲಿ ಇವತ್ತು ನೀವೇ ಕೂತಿದ್ದೀರಿ, ಎದುರಿಗೆ ಒಂದು ಅರ್ಜಿ ಬಂದಿದೆ ಎಂದಿಟ್ಟುಕೊಳ್ಳಿ.

ಮೊದಲು ನಕ್ಷೆ ಬಿಚ್ಚಿ

ಫೆಮಾ, ಅಂದರೆ ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ, ಹೊರಡಿಸಿದ ನೆರೆ ವಿಮೆ ನಕ್ಷೆಯಲ್ಲಿ ನಿವೇಶನ ಎಲ್ಲಿದೆ ಎಂದು ಹುಡುಕಿ. ‘ಎ’ ಅಥವಾ ‘ವಿ’ ಅಕ್ಷರದಿಂದ ಶುರುವಾಗುವ ವಲಯದೊಳಗಿದ್ದರೆ ನೆರೆ ನಿಯಮ ಅನ್ವಯಿಸುತ್ತದೆ. ‘ವಿ’ ಎಂದರೆ ಕಡಲ ಅಲೆ ಅಪ್ಪಳಿಸುವ ಜಾಗ, ಅಲ್ಲಿ ಕಂಬಗಳ ಮೇಲೇ ಕಟ್ಟಬೇಕು. ಈ ಗೆರೆಗಳನ್ನು ಎಳೆದಿರುವುದು ಯಾವುದೇ ವರ್ಷದಲ್ಲಿ ಬರುವ ಸಾಧ್ಯತೆ ಶೇ 1ರಷ್ಟಿರುವ ನೆರೆಯನ್ನು ಲೆಕ್ಕಕ್ಕೆ ಹಿಡಿದು. ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿದೆ, ಆ ಹೆಸರು ಮಾಡಿದಷ್ಟು ಹಾನಿಯನ್ನು ನೆರೆಯೂ ಮಾಡಿರಲಿಕ್ಕಿಲ್ಲ. 30 ವರ್ಷದ ಮನೆ ಸಾಲ ತೀರುವಷ್ಟರಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ 26. ಅರ್ಜಿದಾರರಿಗೆ ಈ ಲೆಕ್ಕವನ್ನೇ ಹೇಳಿ.

ಅರ್ಜಿ ಮನೆಯದ್ದೇ ಆಗಿರಬೇಕೆಂದಿಲ್ಲ. ಮಣ್ಣು ಸುರಿದು ನಿವೇಶನ ಎತ್ತರಿಸುವುದು, ಅಗೆಯುವುದು, ಕಾಂಕ್ರೀಟ್ ಹಾಸುವುದು, ಸಾಮಾನು ರಾಶಿ ಹಾಕುವುದು ಎಲ್ಲವೂ ಕಾನೂನಿನ ಲೆಕ್ಕದಲ್ಲಿ ‘ಅಭಿವೃದ್ಧಿ’. ‘ನಾಲ್ಕು ಲಾರಿ ಮಣ್ಣು ತಾನೇ, ಅದಕ್ಕೂ ಪರ್ಮಿಟ್ಟೇ?’ ಎಂದು ಕೇಳುತ್ತಾರೆ. ಹೌದು, ಅದಕ್ಕೂ. ನಿವೇಶನದ ಸಹಜ ನೆಲವೇ ನೆರೆ ಮಟ್ಟಕ್ಕಿಂತ ಮೇಲಿದ್ದರೆ ಮಾಲೀಕರು ಅಳತೆ ಮಾಡಿಸಿ ನಕ್ಷೆ ತಿದ್ದುಪಡಿ ಪತ್ರಕ್ಕೆ ಫೆಮಾಗೆ ಬರೆದುಕೊಳ್ಳಬಹುದು. ದಾರಿ ಇದೆ ಎಂದು ತಿಳಿಸುವುದೂ ನಿಮ್ಮ ಕೆಲಸವೇ.

ನೀರಿನ ದಾರಿ ಬಿಡಿಸಿ

ನೆರೆ ಬಯಲೆಲ್ಲ ಒಂದೇ ಥರ ಅಲ್ಲ. ಅದರ ನಡುವೆ ನದಿಯ ಪಾತ್ರವನ್ನೂ ಅದಕ್ಕೆ ತಾಗಿದ ನೆಲವನ್ನೂ ಸೇರಿಸಿ ‘ಫ್ಲಡ್‌ವೇ’ ಎಂದು ಗುರುತಿಸಿರುತ್ತಾರೆ. ನೆರೆ ನೀರು ರಭಸದಿಂದ ಸಾಗುವುದು ಇಲ್ಲಿ. ಇದರೊಳಗೆ ಏನೇ ಕಟ್ಟುವುದಿದ್ದರೂ ಆ ಶೇ 1ರ ನೆರೆಯ ಮಟ್ಟ ಕೂದಲೆಳೆಯಷ್ಟೂ ಏರುವುದಿಲ್ಲ ಎಂದು ಎಂಜಿನಿಯರ್ ಲೆಕ್ಕ ಮಾಡಿ ಸಹಿ ಹಾಕಿ ಕೊಡಬೇಕು. ಆ ಕಾಗದ ಇಲ್ಲದಿದ್ದರೆ ಕಡತ ಮುಂದೆ ಹೋಗಬಾರದು. ಹೊಳೆಯ ದಿಕ್ಕನ್ನೇ ಬದಲಿಸುವ ಯೋಜನೆಯಾದರೆ ಅಕ್ಕಪಕ್ಕದ ಊರುಗಳಿಗೂ ರಾಜ್ಯಕ್ಕೂ ಮೊದಲೇ ತಿಳಿಸಿ. ನಿಮ್ಮೂರಲ್ಲಿ ಇಳಿದ ನೀರು ಕೆಳಗಿನೂರಲ್ಲಿ ಏರುತ್ತದೆ.

ಎತ್ತರ, ಎತ್ತರ, ಎತ್ತರ

ಇಡೀ ಕೆಲಸ ನಿಂತಿರುವುದು ಒಂದು ಸಂಖ್ಯೆಯ ಮೇಲೆ: ಆ ಶೇ 1ರ ನೆರೆಯಲ್ಲಿ ನೀರು ಏರುವ ಮಟ್ಟ. ‘ಎ’ ವಲಯದಲ್ಲಿ ವಾಸದ ಮನೆಯ ಅತ್ಯಂತ ಕೆಳಗಿನ ನೆಲ, ನೆಲಮಾಳಿಗೆಯೂ ಸೇರಿ, ಆ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇರಬೇಕು. ಎಷ್ಟೋ ಊರುಗಳು ಒಂದೆರಡು ಅಡಿ ಹೆಚ್ಚಿಗೆ ಕೇಳುತ್ತವೆ. ಕೇಳದ ಊರಲ್ಲಿದ್ದರೆ ನೀವು ಕೇಳುವಂತೆ ಮಾಡಿಸಿ, ನಕ್ಷೆಯ ಲೆಕ್ಕ ಕರಾರುವಾಕ್ಕಲ್ಲ.

ಹೊಸಬರು ಎಡವುವುದು ಇಲ್ಲೇ. ನಕ್ಷೆಯಲ್ಲಿ ನೆರೆ ಮಟ್ಟ 412 ಅಡಿ, ಅರ್ಜಿಯಲ್ಲಿ ಮನೆಯ ನೆಲ 412.5 ಅಡಿ. ಅರ್ಧ ಅಡಿ ಮೇಲಿದೆ, ಮೊಹರು ಒತ್ತಬಹುದು ಅನ್ನಿಸುತ್ತದೆ. ತಡೆಯಿರಿ. ಎತ್ತರವನ್ನು ಎಲ್ಲಿಂದ ಎಣಿಸಬೇಕು ಎಂಬುದಕ್ಕೆ 1929ರ ಹಳೆಯ ಆಧಾರ ಮಟ್ಟವೂ ಇದೆ, 1988ರ ಹೊಸದೂ ಇದೆ. ಎರಡರ ನಡುವೆ ಕೆಲವೆಡೆ ಒಂದು ಅಡಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ನಕ್ಷೆ ಒಂದರಲ್ಲಿ, ಸರ್ವೇಯರ್ ಅಳತೆ ಇನ್ನೊಂದರಲ್ಲಿ ಇದ್ದರೆ ಆ ಅರ್ಧ ಅಡಿ ಕಾಗದದ ಮೇಲಷ್ಟೇ ಉಳಿದು, ನಿಜದ ನೆಲ ನೀರಿನಡಿ ಇರಬಹುದು. ಸಂಖ್ಯೆಗಿಂತ ಮೊದಲು ಅದರ ಆಧಾರ ಯಾವ ವರ್ಷದ್ದು ಎಂದು ನೋಡಿ.

ಎತ್ತರಿಸಿದ ನೆಲದ ಕೆಳಗೆ ಗೋಡೆ ಕಟ್ಟಿ ಮುಚ್ಚಿದ ಜಾಗವನ್ನು ಕಾರು ನಿಲ್ಲಿಸಲು, ಸಾಮಾನು ಇಡಲು, ಮನೆಯೊಳಗೆ ಹೋಗಿಬರಲು ಮಾತ್ರ ಬಳಸಬೇಕು. ಆ ಗೋಡೆಗಳಲ್ಲಿ ಕನಿಷ್ಠ ಎರಡು ಕಿಂಡಿ ಬೇಕು. ಎಲ್ಲ ಕಿಂಡಿಗಳ ತೆರಪು ಸೇರಿ, ಮುಚ್ಚಿದ ಜಾಗದ ಪ್ರತಿ ಚದರಡಿಗೆ ಒಂದು ಚದರ ಅಂಗುಲದ ಲೆಕ್ಕದಲ್ಲಿ. ನೀರು ಒಳಬಂದು ಹೊರಹೋದರೆ ಗೋಡೆ ಉಳಿಯುತ್ತದೆ, ತಡೆದರೆ ಗೋಡೆಯೇ ಹೋಗುತ್ತದೆ. ಮುಂದೆ ಕಿಂಡಿಗೆ ಹಲಗೆ ಬಡಿದು ಒಳಗೆ ಮಲಗುವ ಕೋಣೆ ಮಾಡಿಕೊಳ್ಳುವವರು ಇದ್ದೇ ಇರುತ್ತಾರೆ.

ಪರ್ಮಿಟ್ ಕೊಟ್ಟು ಸುಮ್ಮನಾಗಬೇಡಿ. ತಳದ ನೆಲ ಹಾಕಿದ ಕೂಡಲೇ, ಗೋಡೆ ಏಳುವ ಮೊದಲೇ ಸರ್ವೇಯರ್ ಎತ್ತರ ಅಳೆದು ಕೊಡಲಿ. ಆಗ ನಾಲ್ಕು ಅಂಗುಲ ಕಮ್ಮಿ ಬಂದರೆ ಅದು ಒಂದು ವಾರದ ತಲೆನೋವು. ಚಾವಣಿ ಬಿದ್ದ ಮೇಲೆ ಬಂದರೆ ವಕೀಲರ ಕೆಲಸ.

ನೆರೆ ಇಳಿದ ಮರುದಿನ

ಕಷ್ಟದ ಭಾಗ ಇದು. ಕೆಸರು ಮೆತ್ತಿದ ಬೂಟಿನಲ್ಲೇ ಜನ ಕಚೇರಿಗೆ ಬರುತ್ತಾರೆ, ರಿಪೇರಿಗೆ ಇವತ್ತೇ ಪರ್ಮಿಟ್ ಬೇಕು ಎನ್ನುತ್ತಾರೆ. ನಿಯಮ ಹೀಗಿದೆ: ಕಟ್ಟಡವನ್ನು ಮೊದಲಿನಂತೆ ಮಾಡಲು ತಗಲುವ ಖರ್ಚು ನೆರೆಗೆ ಮೊದಲಿದ್ದ ಅದರ ಮಾರುಕಟ್ಟೆ ಬೆಲೆಯ ಶೇ 50 ಮುಟ್ಟಿದರೆ, ಹಳೆಯ ಮನೆಯೂ ಹೊಸ ಮನೆಯ ನಿಯಮಕ್ಕೆ ಬರಬೇಕು. ಅಂದರೆ ಎತ್ತರಿಸಬೇಕು.

ಜಾಗದ ಬೆಲೆ ಈ ಲೆಕ್ಕಕ್ಕೆ ಬರುವುದಿಲ್ಲ, ಕಟ್ಟಡದ್ದು ಮಾತ್ರ. ಮನೆಯ ಬೆಲೆ 1,60,000 ಡಾಲರ್, ರಿಪೇರಿಗೆ 85,000 ಅನ್ನಿ. 80,000ದ ಗೆರೆ ದಾಟಿತು. ‘ನನ್ನ ಭಾವಮೈದ ಬಡಗಿ, ಅವನಿಗೆ ಕೂಲಿ ಕೊಡಬೇಕಾಗಿಲ್ಲ; ಮರ ಗೆಳೆಯ ಕೊಡ್ತಾನೆ’ ಎಂದು ಮಾಲೀಕರು ಹೇಳುತ್ತಾರೆ. ಪುಕ್ಕಟೆ ಕೂಲಿಯನ್ನೂ ದಾನದ ಮರವನ್ನೂ ಪೇಟೆ ದರದಲ್ಲೇ ಸೇರಿಸಬೇಕು. ಅರ್ಧ ರಿಪೇರಿ ಈಗ, ಉಳಿದರ್ಧ ಮುಂದಿನ ವರ್ಷ ಎಂದರೂ ಪೂರ್ತಿ ಖರ್ಚೇ ಲೆಕ್ಕ.

ಆ ಹೊತ್ತಿನಲ್ಲಿ ಕನಿಕರ ತೋರಿ 79,000 ಎಂದು ಬರೆದುಬಿಡುವ ಆಸೆ ಆಗುತ್ತದೆ. ಬರೆದರೆ ಆ ಕುಟುಂಬ ಮುಂದಿನ ನೆರೆಗೆ ಅದೇ ಎತ್ತರದಲ್ಲಿ ಕಾದು ಕೂರುತ್ತದೆ. ಅದರ ಬದಲು ಅವರ ಕೈಗೆ ಕೊಡಬಹುದಾದ್ದು ಒಂದಿದೆ: ನೆರೆ ವಿಮೆ ಇದ್ದು, ನೆರೆಯಿಂದಲೇ ಇಷ್ಟು ಹಾನಿಯಾಗಿದೆ ಎಂದು ನೀವು ಲಿಖಿತವಾಗಿ ತೀರ್ಮಾನಿಸಿದರೆ, ಮನೆ ಎತ್ತರಿಸಲು 30,000 ಡಾಲರ್‌ವರೆಗೆ ಹೆಚ್ಚುವರಿ ಪರಿಹಾರ ಕೇಳಲು ಅವಕಾಶವಿದೆ. ಅವರು ಶಪಿಸುವ ಅದೇ ಪತ್ರ ಆ ಹಣಕ್ಕೂ ಕೀಲಿ.

ಎತ್ತರದ ನಿಯಮದಿಂದ ವಿನಾಯಿತಿ ಬೇಕೇಬೇಕು ಎಂದು ಹಟ ಹಿಡಿದರೆ ಅದು ನಿಮ್ಮ ಮೇಜಿನ ವಿಷಯವಲ್ಲ, ಇಂಥ ವಿನಾಯಿತಿ ನೋಡುವ ಊರಿನ ಮಂಡಳಿಯ ಮುಂದೆ ಹೋಗಲಿ. ಮಟ್ಟಕ್ಕಿಂತ ಕೆಳಗೆ ಕಟ್ಟಿದರೆ ವಿಮೆ ಕಂತು 100 ಡಾಲರ್ ರಕ್ಷಣೆಗೆ 25 ಡಾಲರ್‌ವರೆಗೂ ಏರಬಹುದು ಎಂದು ಅರ್ಜಿದಾರರಿಗೆ ಬರಹದಲ್ಲಿ ತಿಳಿಸಲೇಬೇಕು.

ಕಡತ ಕಟ್ಟಿಡಿ

ಫೆಮಾದವರು ಊರಿಗೆ ಬಂದು ಮೊದಲು ಕೇಳುವುದು ಕಡತ. ಜಾರಿ ಸಡಿಲವಾಗಿದ್ದರೆ ಊರನ್ನು ಪರಿವೀಕ್ಷಣೆಯಲ್ಲಿಡುತ್ತಾರೆ, ಆಗ ಪ್ರತಿ ನೆರೆ ಪಾಲಿಸಿಗೂ 50 ಡಾಲರ್ ಹೆಚ್ಚುವರಿ ಬೀಳುತ್ತದೆ. ತಿದ್ದಿಕೊಳ್ಳದಿದ್ದರೆ ಊರನ್ನೇ ನೆರೆ ವಿಮೆ ಯೋಜನೆಯಿಂದ ಹೊರಗಿಡುತ್ತಾರೆ, ಹೊಸ ಪಾಲಿಸಿ ಯಾರಿಗೂ ಸಿಗುವುದಿಲ್ಲ. ಕನಿಷ್ಠ ನಿಯಮಕ್ಕಿಂತ ಹೆಚ್ಚು ಮಾಡಿದ ಊರಿಗೆ ಕಂತಿನಲ್ಲಿ ಶೇ 5ರಿಂದ 45ರವರೆಗೆ ರಿಯಾಯಿತಿ ಉಂಟು.

ಹಾಗಾಗಿ ಎತ್ತರದ ಪ್ರಮಾಣಪತ್ರ, ಎಂಜಿನಿಯರ್ ಲೆಕ್ಕ, ಹಾನಿಯ ಅಂದಾಜು, ಕಿಂಡಿಗಳ ಫೋಟೊ ಎಲ್ಲವನ್ನೂ ಮನೆ ನಂಬರ್ ಪ್ರಕಾರ ಜೋಡಿಸಿ. ಇಪ್ಪತ್ತು ವರ್ಷ ಬಿಟ್ಟು ಆ ಮನೆ ಕೊಳ್ಳುವವರು ನಿಮ್ಮ ಕುರ್ಚಿಯಲ್ಲಿ ಕೂತ ಇನ್ಯಾರನ್ನೋ ಕೇಳುತ್ತಾರೆ, ‘ಇದರ ನೆಲ ಎಷ್ಟು ಅಡಿ ಎತ್ತರದಲ್ಲಿದೆ, ಸರ್?’