ಸಿಲಿಕಾ ಜೆಲ್‌ನಲ್ಲಿ ಡಾಕ್ಸೊರೂಬಿಸಿನ್: ತಯಾರಿಯಿಂದ ಬಿಡುಗಡೆಯ ಲೆಕ್ಕದವರೆಗೆ

ಡಾಕ್ಸೊರೂಬಿಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಸಿಲಿಕಾ ಜೆಲ್ ಒಳಗೆ ಸೇರಿಸುವುದು ಸುಲಭ. ಹೊರಗೆ ಬಾರದೆ ಉಳಿದ ಔಷಧ ನಿಜಕ್ಕೂ ಜೆಲ್‌ನಲ್ಲೇ ಇದೆಯೇ, ದಾರಿಯಲ್ಲೆಲ್ಲೋ ಕೆಟ್ಟುಹೋಯಿತೇ ಎಂದು ಖಚಿತಪಡಿಸಿಕೊಳ್ಳುವುದೇ ಕಷ್ಟ. ಇಲ್ಲಿನ ಪ್ರತಿ ಹಂತವೂ ಆ ಲೆಕ್ಕಕ್ಕಾಗಿಯೇ ಇದೆ. ಇದು ಪ್ರಯೋಗಾಲಯದ ಕೆಲಸ, ರೋಗಿಗೆ ಕೊಡುವ ಮದ್ದಲ್ಲ.

ಆಸ್ಪತ್ರೆಗೆ ಬರುವ ವಯಲ್ ಬಳಸಬೇಡಿ. ಪುಡಿಯ ವಯಲ್‌ನಲ್ಲಿ ಸಾಮಾನ್ಯವಾಗಿ ಲ್ಯಾಕ್ಟೋಸ್ ಬೆರೆತಿರುತ್ತದೆ; ಅದು ಕರಗಿಹೋದ ಜಾಗ ರಂಧ್ರವಾಗಿ ಉಳಿದು ಔಷಧ ಬೇಗ ಸೋರುತ್ತದೆ. ಶುದ್ಧ ಡಾಕ್ಸೊರೂಬಿಸಿನ್ ಹೈಡ್ರೋಕ್ಲೋರೈಡ್ 13.5 ಮಿ.ಗ್ರಾಂ ತೂಗಿ 2.7 ಮಿ.ಲೀ. ಡಿಅಯನೈಸ್ಡ್ ನೀರಿನಲ್ಲಿ ಕರಗಿಸಿ. ಫಾಸ್ಫೇಟ್ ಬಫರ್‌ನಲ್ಲಿ (ಬಫರ್ ಎಂದರೆ ಆಮ್ಲ-ಕ್ಷಾರದ ಮಟ್ಟವಾದ ಪಿಎಚ್ ಅನ್ನು ಸ್ಥಿರವಾಗಿಡುವ ದ್ರಾವಣ) ಬೇಡ, ಅಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೆಂಗಳೂರಿನ ಗಡಸು ಬೋರ್‌ವೆಲ್ ನೀರನ್ನು ಪಾತ್ರೆಗಳ ಕೊನೆಯ ಜಾಲಾಟಕ್ಕೂ ಬಳಸಬೇಡಿ. ತೂಗುವಾಗ ಬಯೋಸೇಫ್ಟಿ ಕ್ಯಾಬಿನೆಟ್, ಎರಡು ಜೊತೆ ನೈಟ್ರೈಲ್ ಕೈಗವಸು ಕಡ್ಡಾಯ. ಬೆಳಕಿಗೆ ಔಷಧ ಕೆಡುವುದರಿಂದ ಟ್ಯೂಬಿಗೆ ಫಾಯಿಲ್ ಸುತ್ತಿ.

ಸೋಲ್‌ಗೆ, ಅಂದರೆ ಮುಂದೆ ಜೆಲ್ ಆಗಿ ಕಟ್ಟುವ ದ್ರವಕ್ಕೆ, ಸಿಲಿಕಾದ ಮೂಲವಾದ ಟೆಟ್ರಾಈಥೈಲ್ ಆರ್ಥೋಸಿಲಿಕೇಟ್ 10 ಮಿ.ಲೀ., ನೀರು 7.7 ಮಿ.ಲೀ., 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 0.4 ಮಿ.ಲೀ. ಮುಚ್ಚಿ, ಜೋರಾಗಿ ಕಲಕಿ. ಮೊದಲು ಎರಡು ಪದರವಾಗಿ ನಿಲ್ಲುತ್ತದೆ. ಕ್ರಮೇಣ ಬಿಸಿಯಾಗಿ ಒಂದೇ ತಿಳಿ ದ್ರವವಾಗುತ್ತದೆ. ಎಣ್ಣೆಯಂಥ ಹನಿ ಕಾಣುವಷ್ಟು ಹೊತ್ತು ಮುಂದೆ ಹೋಗಬೇಡಿ. ಬಳಿಕ ಐಸ್ ಮೇಲಿಡಿ. ಪಿಎಚ್ 2ರ ಆಸುಪಾಸಿನಲ್ಲಿ ಸಿಲಿಕಾಕ್ಕೆ ವಿದ್ಯುದಂಶ ಇಲ್ಲವೆನ್ನುವಷ್ಟು ಕಡಿಮೆ, ಜೆಲ್ ಕಟ್ಟುವುದೂ ನಿಧಾನ. ಕೆಲಸಕ್ಕೆ ಹಿತವೆನಿಸಿದರೂ ಔಷಧವನ್ನು ಈಗಲೇ ಹಾಕಬೇಡಿ: ಆಮ್ಲದಲ್ಲಿ ಅದರ ಸಕ್ಕರೆ ಭಾಗ ಕಳಚುತ್ತದೆ. ಬಣ್ಣ ಹಾಗೇ ಇರುತ್ತದಾದ್ದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ.

ಮೊದಲು ಪಿಎಚ್ 5ರ 0.1 ಮೋಲಾರ್ ಅಸಿಟೇಟ್ ಬಫರ್ 2 ಮಿ.ಲೀ. ಸೇರಿಸಿ, ಪಿಎಚ್ ಸುಮಾರು 4.6ಕ್ಕೆ ಏರುತ್ತದೆ. ಕೂಡಲೇ ಔಷಧದ ದ್ರಾವಣ ಹಾಕಿ, ಕಲಕಿ, 24 ಗುಳಿಯ ಪ್ಲೇಟಿಗೆ 1 ಮಿ.ಲೀ.ನಂತೆ ಸುರಿಯಿರಿ. ಪಿಎಚ್ ಏರಿಸಲು ಅಮೋನಿಯ ಹನಿಸುವ ಅಭ್ಯಾಸ ಕೆಲವರಿಗಿದೆ. ಹನಿ ಬಿದ್ದಲ್ಲಿ ಕೆಂಪು ಹೋಗಿ ನೇರಳೆ ಬಂದರೆ ಅಲ್ಲಿ ಪಿಎಚ್ ಮಿತಿಮೀರಿದೆ, ಅಲ್ಲಿನ ಔಷಧಕ್ಕೂ ಪೆಟ್ಟು ಬಿದ್ದಿದೆ. ಜೆಲ್ ಕಟ್ಟುವ ವೇಳೆ ಕೋಣೆಯ ಉಷ್ಣತೆಗೆ ತಕ್ಕಂತೆ ಬದಲಾಗುವುದರಿಂದ, ಔಷಧವಿಲ್ಲದ ಒಂದು ಪ್ಲೇಟ್ ಮೊದಲು ಮಾಡಿ ನೋಡಿ. ಮುಂದೆ ಹೋಲಿಕೆಗೂ ಅದು ಬೇಕು.

ಪ್ಲೇಟನ್ನು ಸೀಲ್ ಮಾಡಿ ಎರಡು ದಿನ ಕತ್ತಲಲ್ಲಿಡಿ. ಪ್ರತಿ ಗುಳಿಯ ಜೆಲ್ ಒಂದೊಂದು ಬಿಲ್ಲೆ. ಒಣಗಿಸುವಾಗಲೇ ಹೆಚ್ಚು ಬಿಲ್ಲೆಗಳು ಹಾಳಾಗುವುದು. ದ್ರವ ಆವಿಯಾಗುವಾಗ ಸಣ್ಣ ರಂಧ್ರಗಳ ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ಮೇಲ್ಮೈ ಬೇಗ ಒಣಗಿ ಒಳಗು ಹಸಿಯಿದ್ದರೆ ಬಿರುಕು. ಮಾರ್ಚ್‌ನ ಒಣಹವೆಗೂ ಜುಲೈ ಮಳೆಗೂ ಬೆಂಗಳೂರಿನಲ್ಲಿ ಬಹಳ ಅಂತರವಿದೆ, ತೆರೆದ ಬೆಂಚನ್ನು ನಂಬಬೇಡಿ. ಅಡುಗೆ ಉಪ್ಪಿನ ಸಂತೃಪ್ತ ದ್ರಾವಣವಿಟ್ಟ ಡೆಸಿಕೇಟರ್‌ನಲ್ಲಿ (ಗಾಳಿಯಾಡದಂತೆ ಮುಚ್ಚುವ ಪಾತ್ರೆ) ತೇವಾಂಶ 75%ರ ಬಳಿ ನಿಲ್ಲುತ್ತದೆ. ಸೀಲಿಗೆ ಸೂಜಿಯಿಂದ ಒಂದೆರಡು ತೂತು ಚುಚ್ಚಿ ಅದರೊಳಗಿಡಿ. ಬಿಲ್ಲೆ ಗುಳಿಯ ಗೋಡೆ ಬಿಟ್ಟು ಕುಗ್ಗಿದ ಮೇಲೆ 37 ಡಿಗ್ರಿಯಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಲೆಕ್ಕದ ಪ್ರಕಾರ ಒಂದೊಂದರಲ್ಲೂ ಸುಮಾರು 117 ಮಿ.ಗ್ರಾಂ ಸಿಲಿಕಾ, 0.59 ಮಿ.ಗ್ರಾಂ ಔಷಧ.

ಒಣಗುವಾಗ ದ್ರವದ ಜೊತೆ ಒಂದಷ್ಟು ಔಷಧ ಮೇಲ್ಮೈಗೆ ಬಂದಿರುತ್ತದೆ. ಬಿಲ್ಲೆಯನ್ನು ಒಮ್ಮೆ ನೀರಲ್ಲಿ ತೊಳೆದು, ತೊಳೆದ ನೀರನ್ನೂ ಅಳೆಯಿರಿ. ಔಷಧದ ಬಿಡುಗಡೆ ಅಳೆಯಲು ಒಂದು ಬಿಲ್ಲೆಗೆ 50 ಮಿ.ಲೀ. ಟ್ರಿಸ್ ಬಫರ್, 37 ಡಿಗ್ರಿ, ನಿಧಾನ ಅಲುಗಾಟ. ಟ್ರಿಸ್ ಪಿಎಚ್ ಬಿಸಿಗೆ ಇಳಿಯುತ್ತದೆ: 25 ಡಿಗ್ರಿಯಲ್ಲಿ 7.4 ಮಾಡಿಟ್ಟರೆ 37ರಲ್ಲಿ 7.1ರ ಹತ್ತಿರ ಬಂದಿರುತ್ತದೆ, ಹಾಗಾಗಿ ಬಿಸಿಯಲ್ಲೇ ಸರಿಪಡಿಸಿ. ಗಾಜಿಗೆ ಔಷಧ ಅಂಟುವುದರಿಂದ ಪಾಲಿಪ್ರೊಪಿಲೀನ್ ಟ್ಯೂಬ್ ಬಳಸಿ. ಕರೆಂಟ್ ಹೋದರೆ ಉಷ್ಣತೆ ಇಳಿದು ಬಿಡುಗಡೆಯ ರೇಖೆ ತಪ್ಪುತ್ತದೆ; ಶೇಕರ್ ಇನ್‌ಕ್ಯುಬೇಟರ್‌ಗೆ ಯುಪಿಎಸ್ ಇರಲಿ.

1, 2, 4, 8, 24 ಗಂಟೆಗೆ, ಆಮೇಲೆ ದಿನಕ್ಕೊಮ್ಮೆ ಇಡೀ ಬಫರ್ ಬದಲಿಸಿ, ತೆಗೆದ ಬಫರ್ ಎಷ್ಟು ಬೆಳಕು ಹೀರುತ್ತದೆಂದು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 480 ನ್ಯಾನೊಮೀಟರ್‌ಗೆ ಓದಿ. ಒಂದೆರಡು ಮಿ.ಲೀ. ಮಾತ್ರ ಬದಲಿಸುವುದು ಇಲ್ಲಿ ಸಾಲದು. ಒಂದು ಲೀಟರ್‌ನಲ್ಲಿ ಸಿಲಿಕಾ ಸುಮಾರು 100–150 ಮಿ.ಗ್ರಾಂ ಮಾತ್ರ ಕರಗುವುದರಿಂದ, 50 ಮಿ.ಲೀ.ಗೆ 5–7.5 ಮಿ.ಗ್ರಾಂ ಸೇರುವಷ್ಟರಲ್ಲೇ ಜೆಲ್ ಕರಗುವುದು ನಿಲ್ಲುತ್ತದೆ. ಆಗ ಕಾಣುವ ನಿಧಾನ ಬಿಡುಗಡೆ ಟ್ಯೂಬಿನ ಗಾತ್ರದ ಫಲ, ಜೆಲ್‌ನ ಗುಣವಲ್ಲ. ಜೊತೆಗೆ ಪಿಎಚ್ 5ರಲ್ಲೂ ಒಂದು ಸಾಲು ನಡೆಸಿ. 7.4ರಲ್ಲಿ ಋಣ ವಿದ್ಯುದಂಶದ ಸಿಲಿಕಾ, ಧನ ವಿದ್ಯುದಂಶದ ಔಷಧವನ್ನು ಬಿಗಿಯಾಗಿ ಹಿಡಿಯುತ್ತದೆ; ಆಮ್ಲೀಯತೆ ಹೆಚ್ಚಿದಂತೆ ಹಿಡಿತ ಸಡಿಲವಾಗುತ್ತದೆ.

ಜೆಲ್ ಇಲ್ಲದ, ಬರೀ ಔಷಧದ ಟ್ಯೂಬೊಂದನ್ನು ಅದೇ ಬಫರ್‌ನಲ್ಲಿ, ಅಷ್ಟೇ ದಿನ ಇಡಲೇಬೇಕು. ಡಾಕ್ಸೊರೂಬಿಸಿನ್ 37 ಡಿಗ್ರಿಯಲ್ಲಿ ದಿನಗಳೆದಂತೆ ತಾನಾಗಿಯೇ ಕೆಡುತ್ತದೆ. ಈ ಟ್ಯೂಬಿನ ಓದು ಇಳಿದಿದ್ದರೆ, ನಿಮ್ಮ ಬಿಡುಗಡೆಯ ಅಂಕಿಗಳೂ ನಿಜಕ್ಕಿಂತ ಕಡಿಮೆ ಬಂದಿವೆ. ಕೆಟ್ಟ ಅಣುವಿಗೂ ಬಣ್ಣವಿರಬಹುದು, ಆದ್ದರಿಂದ ಕೆಲವು ಮಾದರಿಗಳನ್ನಾದರೂ ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ನೋಡಿ. ಉಳಿದದ್ದನ್ನು ಅಳೆಯಲೆಂದು ಬಿಲ್ಲೆಯನ್ನು ಕ್ಷಾರದಲ್ಲಿ ಕರಗಿಸಿದರೆ ಔಷಧವೂ ಹಾಳು. ಪುಡಿಮಾಡಿ, ಪಿಎಚ್ 5ರ ಬಫರ್‌ನಲ್ಲಿ ಬಣ್ಣ ಬಿಡುವುದು ನಿಲ್ಲುವವರೆಗೆ ಮತ್ತೆ ಮತ್ತೆ ತೊಳೆದು ಅಳೆಯಿರಿ. ತೊಳೆದ ನೀರು, ಬಿಡುಗಡೆ, ಉಳಿಕೆ ಮೂರೂ ಸೇರಿ 0.59ರ ಹತ್ತಿರ ಬಾರದಿದ್ದರೆ ಗ್ರಾಫ್ ಬರೆಯಬೇಡಿ.

ಕೈಗವಸು, ಪಿಪೆಟ್ ತುದಿಗಳು, ಬಳಸಿದ ಬಫರ್ ಯಾವುದೂ ಸಿಂಕಿಗೆ, ಕಸದ ಬುಟ್ಟಿಗೆ ಹೋಗಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸೈಟೊಟಾಕ್ಸಿಕ್ (ಜೀವಕೋಶಕ್ಕೆ ವಿಷ) ಗುರುತಿನ ಹಳದಿ ಚೀಲ ಅಥವಾ ಡಬ್ಬಿಗೆ ಹಾಕಿ, 1200 ಡಿಗ್ರಿಗೂ ಮೇಲೆ ಸುಡುವ ಘಟಕಕ್ಕೆ ಕಳಿಸಬೇಕು.